ಮೈನಸ್ ಅರ್ಧ ಡಿಗ್ರಿ

ಮೂರನೇ ವರ್ಷದ ಮಿನಿ ಪ್ರಾಜೆಕ್ಟಿಗೆ ಎಲ್ಲರ ಹಾಗೆ ನಾವೂ "ಐಓಟಿ ಬೇಸ್ಡ್" ಅಂತ ಶುರುವಾಗುವ ಟೈಟಲ್ ಒಂದನ್ನ ಹಿಡ್ಕೊಂಡು ಗೈಡ್ ಹತ್ರ ಹೋಗಿದ್ವಿ. ನಮ್ಮ ನಾಲ್ವರಲ್ಲಿ ಒಬ್ಬನ ಊರು ಹಾಸನದ ಕಡೆಯ ಹಳ್ಳಿ. ಅಲ್ಲಿನ ಡೇರಿಯಲ್ಲಿ ಹಾಲು ತಣ್ಣಗಿಡೋಕೆ ದೊಡ್ಡ ಸ್ಟೀಲ್ ಟ್ಯಾಂಕ್ ಇದೆ, ಊರವರೆಲ್ಲ ಅದನ್ನ ಬಿಎಂಸಿ ಅಂತಾರೆ. ಸಂಜೆ ಹಾಕಿದ ಹಾಲು ರಾತ್ರಿಯಿಡೀ 4 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು, ಬೆಳಿಗ್ಗೆ ಟ್ಯಾಂಕರ್ ಬಂದು ಒಯ್ಯುತ್ತೆ. ಟ್ಯಾಂಕಿನ ಮೈಗೆ ಒಂದು ಗಡಿಯಾರದಂಥ ಡಯಲ್ ಥರ್ಮಾಮೀಟರ್ ಇತ್ತು. ಸೆಕ್ರೆಟ್ರಿ ಮಲಗೋ ಮುಂಚೆ ಒಂದು ಸಲ, ನಡುರಾತ್ರಿ ಎಚ್ಚರ ಆದ್ರೆ ಇನ್ನೊಂದು ಸಲ ಟಾರ್ಚ್ ಹಿಡಿದು ನೋಡಿ ಬರ್ತಿದ್ರು. ನಮ್ಮ ಐಡಿಯಾ ಸಿಂಪಲ್: ಒಂದು ರಾಸ್ಪ್‌ಬೆರಿ ಪೈ, ಒಂದು ಎಲ್‌ಎಂ75 ಸೆನ್ಸರ್, ಗೋಡೆ ಮೇಲೆ ಕೆಂಪು ಅಂಕಿಯ ಡಿಸ್‌ಪ್ಲೇ. 8 ಡಿಗ್ರಿ ದಾಟಿದರೆ ಸೆಕ್ರೆಟ್ರಿ ಫೋನಿಗೆ ಎಸ್‌ಎಂಎಸ್.

ಡಿಸ್‌ಪ್ಲೇ ಹಾಕಿದ ದಿನ ಪೂಜೆ ಮಾಡಿ ಕಾಯಿ ಒಡೆದರು. ಎಲ್ಲರಿಗೂ ಒಂದೊಂದು ಲೋಟ ಬಾದಾಮಿ ಹಾಲು ಸಿಕ್ತು. ಅವತ್ತಿನಿಂದ ಸೆಕ್ರೆಟ್ರಿ ಟಾರ್ಚ್ ಹಿಡಿದು ಡಯಲ್ ನೋಡೋದನ್ನ ಬಿಟ್ಟರು. ಈ ಲೇಖನದಲ್ಲಿ ನನಗೆ ಇವತ್ತಿಗೂ ಚುಚ್ಚೋ ವಾಕ್ಯ ಇದೇ.

ಆರನೇ ವಾರದಲ್ಲಿ ಒಂದು ರಾತ್ರಿ ಊರಲ್ಲಿ ಕರೆಂಟ್ ಹೋಯ್ತು. ಡೇರಿ ಜನರೇಟರ್ ಸ್ಟಾರ್ಟ್ ಆಗಲಿಲ್ಲ. ನಮ್ಮ ಪೈಗೆ ಬ್ಯಾಟರಿ ಬ್ಯಾಕಪ್ ಇತ್ತು, ಅದರ ಬಗ್ಗೆ ನಾವು ರಿಪೋರ್ಟಿನಲ್ಲಿ ಹೆಮ್ಮೆಯಿಂದ ಒಂದು ಇಡೀ ಪುಟ ಬರೆದಿದ್ವಿ. ಕತ್ತಲಲ್ಲಿ ನಮ್ಮ ಡಿಸ್‌ಪ್ಲೇ ಮಾತ್ರ ಕೆಂಪಗೆ ಉರೀತಾ ಇತ್ತು: ಮೈನಸ್ 0.5. ಎಸ್‌ಎಂಎಸ್ ಹೋಗಲಿಲ್ಲ. ಬೆಳಿಗ್ಗೆ ಟ್ಯಾಂಕರ್ ಜೊತೆ ಬಂದವರು ಒಂದು ಲೋಟ ತೆಗೆದು ಕುದಿಸಿ ನೋಡಿದ್ರು, ಹಾಲು ಒಡೀತು. 600 ಲೀಟರ್. ಒಂದು ಇಡೀ ಊರಿನ ಒಂದು ಸಂಜೆಯ ಹಾಲು ಚರಂಡಿ ಪಾಲಾಯ್ತು. ಹದಿನೈದು ದಿನಕ್ಕೊಮ್ಮೆ ಆಗೋ ಬಟವಾಡೆಯಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಖೋತಾ ಆಯ್ತು. ಆ ಎಲ್ಲರಲ್ಲಿ ನನ್ನ ಗೆಳೆಯನ ಅಮ್ಮನೂ ಒಬ್ಬರು. ಎರಡು ಹಸು ಕಟ್ಟಿ ಇವನ ಹಾಸ್ಟೆಲ್ ಫೀಸ್ ಕಟ್ಟೋರು.

ಹೋಗಿ ನೋಡಿದ್ರೆ ಸೆನ್ಸರ್ ವೈರು ಕಳಚಿ ನೇತಾಡ್ತಾ ಇತ್ತು. ಎರಡು ದಿನ ಮುಂಚೆ ಟ್ಯಾಂಕ್ ತೊಳೆಯುವಾಗ ಬಿದ್ದಿರಬೇಕು. ಅಂದ್ರೆ ಎರಡು ದಿನದಿಂದ ನಮ್ಮ ಸಿಸ್ಟಮ್ಮಿಗೆ ಹಾಲಿನ ಉಷ್ಣಾಂಶ ಎಷ್ಟು ಅಂತ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಅಂತ ಹೇಳಲೂ ಇಲ್ಲ. ಮೈನಸ್ ಅರ್ಧ ಡಿಗ್ರಿ ಅಂತ ಧೈರ್ಯವಾಗಿ ಹೇಳ್ತಾ ಇತ್ತು.

ಈ ಮೈನಸ್ ಅರ್ಧ ಎಲ್ಲಿಂದ ಬಂತು? ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದು ನಿಮ್ಮ ಕೋಡಿನಲ್ಲೂ ಇರಬಹುದು.

ಲಿನಕ್ಸ್ ಕರ್ನಲ್‌ನಲ್ಲಿ ಎಲ್‌ಎಂ75ಗೆ ಡ್ರೈವರ್ ಮೊದಲಿಂದಲೇ ಇದೆ. ಅದನ್ನ ಬಳಸಿದ್ರೆ "ಇದರಲ್ಲಿ ನಿಮ್ಮ ಕಾಂಟ್ರಿಬ್ಯೂಷನ್ ಏನು" ಅಂತ ಕೇಳ್ತಾರಲ್ಲ, ಅದಕ್ಕೆ ನಾವೇ ಸ್ವಂತ ಡ್ರೈವರ್ ಬರೆದ್ವಿ. ಐ2ಸಿ ಬಸ್ ಮೇಲೆ ಸೆನ್ಸರ್‌ನಿಂದ ಎರಡು ಬೈಟ್ ಓದೋಕೆ ಕರ್ನಲ್ ಒಂದು ಫಂಕ್ಷನ್ ಕೊಡುತ್ತೆ. ಅದು ಹಿಂತಿರುಗಿಸೋದು 32 ಬಿಟ್ ಸೈನ್ಡ್ ಸಂಖ್ಯೆ. ಸೆನ್ಸರ್ ಕಳಿಸೋದು 16 ಬಿಟ್ ತಾನೇ, ಮತ್ತೆ 32 ಯಾಕೆ? ಉಳಿದ ಜಾಗ ಇರೋದೇ ಇದಕ್ಕೆ: ಓದು ಸರಿಯಾದರೆ ಸೊನ್ನೆ ಅಥವಾ ಧನ ಸಂಖ್ಯೆ, ತಪ್ಪಾದರೆ ಋಣ ಸಂಖ್ಯೆ. ವೈರು ಕಿತ್ತಿದ್ದರೆ ಸೆನ್ಸರ್ ಕಡೆಯಿಂದ "ಹೂಂ" ಅನ್ನೋ ಅಕ್ನಾಲೆಜ್ ಬರಲ್ಲ. ಆಗ ಪೈನ ಐ2ಸಿ ಡ್ರೈವರ್ ಮೈನಸ್ 121 ಕೊಡುತ್ತೆ, ಅಂದ್ರೆ ರಿಮೋಟ್ ಐಓ ಎರರ್. ಪೈಥಾನ್‌ನಲ್ಲಿ ಸೆನ್ಸರ್ ಆಡಿಸಿದವರಿಗೆಲ್ಲ ಈ 121 ಪರಿಚಯದ ಮುಖ. ಬ್ರೆಡ್‌ಬೋರ್ಡ್ ಅಲುಗಿದಾಗಲೆಲ್ಲ ಸ್ಕ್ರೀನ್ ತುಂಬ ಕೆಂಪಗೆ ಬಂದು, ನೀವು ಬೈಕೊಂಡು ಟ್ರೈ-ಎಕ್ಸೆಪ್ಟ್-ಪಾಸ್ ಹಾಕಿ ಮುಚ್ಚಿದ್ದೀರಲ್ಲ, ಅದೇ.

ನಾವು ಆ 32 ಬಿಟ್ ಉತ್ತರವನ್ನ ತಗೊಂಡು ನೇರ 16 ಬಿಟ್ ವೇರಿಯೇಬಲ್‌ಗೆ ತುರುಕಿದ್ವಿ. ಎಲ್‌ಎಂ75 ಉಷ್ಣಾಂಶವನ್ನ ಮೇಲಿನ ಒಂಬತ್ತು ಬಿಟ್‌ನಲ್ಲಿ ಇಡುತ್ತೆ, ಆದ್ದರಿಂದ ಏಳು ಬಿಟ್ ಬಲಕ್ಕೆ ತಳ್ಳಬೇಕು. ಒಂದೊಂದು ಹೆಜ್ಜೆಗೂ ಅರ್ಧ ಡಿಗ್ರಿ. ಈಗ ಮೈನಸ್ 121 ಅನ್ನ ಏಳು ಬಿಟ್ ಬಲಕ್ಕೆ ತಳ್ಳಿ ನೋಡಿ. ಮೈನಸ್ 1 ಬರುತ್ತೆ. ಅದರ ಅರ್ಧ, ಮೈನಸ್ 0.5 ಡಿಗ್ರಿ. ಇನ್ನೂ ಮಜಾ ಅಂದ್ರೆ ಮೈನಸ್ 1ರಿಂದ ಮೈನಸ್ 128ರವರೆಗೆ ಯಾವ ಎರರ್ ಬಂದ್ರೂ ಉತ್ತರ ಇದೇ. ಐಓ ಎರರ್ ಮೈನಸ್ 5, ಟೈಮ್‌ಔಟ್ ಮೈನಸ್ 110. ಬಸ್ ಸತ್ತರೂ ಅಷ್ಟೇ, ಸೆನ್ಸರ್ ಸುಟ್ಟರೂ ಅಷ್ಟೇ. ಹಾರ್ಡ್‌ವೇರ್ ಬೇರೆ ಬೇರೆ ಥರ ಕಿರುಚಿದ್ದನ್ನೆಲ್ಲ ನಮ್ಮ ಡ್ರೈವರ್ ಒಂದೇ ತಣ್ಣನೆಯ ಅಂಕಿಗೆ ಇಳಿಸಿಬಿಡ್ತಾ ಇತ್ತು.

ಉತ್ತರ ಮೈನಸ್ 120 ಅಂತ ಬಂದಿದ್ದರೆ ದನ ಕಾಯೋ ಹುಡುಗನೂ ನಕ್ಕಿರೋನು. ಫ್ರಿಜ್‌ನಂಥ ಜಾಗದಲ್ಲಿ ಮೈನಸ್ ಅರ್ಧ ಅನ್ನೋದು ನಂಬೋ ಹಾಗಿರೋ ಸುಳ್ಳು. ಆದರೂ ಒಬ್ಬರು ನಂಬಲಿಲ್ಲ. ಟ್ಯಾಂಕ್ ತೊಳೆಯೋ ಅಣ್ಣ ಹಿಂದಿನ ದಿನವೇ ನಮ್ಮ ಗೆಳೆಯನಿಗೆ ಫೋನ್ ಮಾಡಿ, "ಅಷ್ಟು ತಣ್ಣಗಾದ್ರೆ ಹಾಲು ಗಡ್ಡೆ ಕಟ್ಟಬೇಕಲ್ಲಪ್ಪ, ನೀರಿನ ಥರ ಓಡಾಡ್ತಾ ಇದೆ" ಅಂದಿದ್ದರಂತೆ. ಹಾಲು ಹೆಪ್ಪುಗಟ್ಟೋದು ಹೆಚ್ಚುಕಡಿಮೆ ಮೈನಸ್ 0.5ರಲ್ಲೇ. ಅವರ ಅನುಭವ ಭೌತಶಾಸ್ತ್ರದಷ್ಟೇ ಸರಿಯಾಗಿತ್ತು. ನಾವು ಕೊಟ್ಟ ಉತ್ತರ: "ಸೆನ್ಸರ್ ಅಕ್ಯುರೆಸಿ ಎರಡು ಡಿಗ್ರಿ ಆಚೀಚೆ ಇರುತ್ತೆ ಅಣ್ಣಾ, ಡೇಟಾಶೀಟಲ್ಲೇ ಇದೆ."

ಇನ್ನೊಂದು ವಿಷಯ ಇದೆ, ಹೇಳೋಕೆ ನಾಚಿಕೆ. ಲ್ಯಾಬಿನಲ್ಲಿ ಕ್ಯಾಲಿಬ್ರೇಷನ್ ಅಂತ ಐಸ್ ನೀರಿನ ಬಕೆಟ್‌ನಲ್ಲಿ ಸೆನ್ಸರ್ ಇಳಿಬಿಟ್ಟಿದ್ವಿ. ಸೊನ್ನೆ ಬರಬೇಕಿತ್ತು, ಮೈನಸ್ 0.5 ಬಂತು. ಎರಡು ಗಂಟೆ ಅಲ್ಲಾಡದ ನೇರ ಗೆರೆ. ರಿವ್ಯೂನಲ್ಲಿ ಆ ಗ್ರಾಫಿಗೆ "ವೆರಿ ಸ್ಟೇಬಲ್" ಅಂತ ಶಹಬ್ಬಾಸ್‌ಗಿರಿ ಸಿಕ್ತು. ಅವತ್ತು ಸೆನ್ಸರ್ ಕನೆಕ್ಟ್ ಆಗಿತ್ತಾ ಇಲ್ವಾ ಅಂತ ನಮ್ಮ ನಾಲ್ವರಲ್ಲಿ ಯಾರೂ ಇವತ್ತು ಆಣೆ ಮಾಡಿ ಹೇಳೋ ಹಾಗಿಲ್ಲ.

ಬಿಟ್ಟುಹೋಗಿದ್ದು ಒಂದೇ ಒಂದು ಸಾಲು. ಉತ್ತರ ಸೊನ್ನೆಗಿಂತ ಕಮ್ಮಿ ಇದ್ದರೆ ಅದನ್ನೇ ಹಾಗೇ ಮೇಲಕ್ಕೆ ಹಿಂತಿರುಗಿಸು. ಅಷ್ಟೇ. ಕರ್ನಲ್ ಜೊತೆ ಬರುವ ಡ್ರೈವರ್ ಇದನ್ನ ಮಾಡುತ್ತೆ. ನಾವು ಕಾಂಟ್ರಿಬ್ಯೂಷನ್ ಅಂತ ಸೇರಿಸಿದ್ದು ಆ ಸಾಲು ಇಲ್ಲದಿರೋದನ್ನ.

ಈಗ ನನ್ನ ವಾದಕ್ಕೆ ಬರ್ತೀನಿ. ರಿಟರ್ನ್ ವ್ಯಾಲ್ಯೂ ಚೆಕ್ ಮಾಡೋದನ್ನ ನಮ್ಮಲ್ಲಿ ಎಲ್ಲರೂ "ಗುಡ್ ಪ್ರಾಕ್ಟೀಸ್" ಅನ್ನೋ ಖಾತೆಗೆ ಹಾಕಿದ್ದೀವಿ. ಅಂದ್ರೆ ಕಾಮೆಂಟ್ ಬರೆಯೋದು, ಇಂಡೆಂಟ್ ಮಾಡೋದು, ಇವುಗಳ ಸಾಲಿಗೆ. ಟೈಮ್ ಇದ್ರೆ ಮಾಡೋಣ, ಇಲ್ಲಾಂದ್ರೆ ಡೆಮೋ ಆದ ಮೇಲೆ. ಇದು ತಪ್ಪು. ಬೇರೆ ಕಡೆ ಏನೇ ಇರಲಿ, ಡ್ರೈವರ್‌ನಲ್ಲಂತೂ ಖಂಡಿತ ತಪ್ಪು. ಡ್ರೈವರ್ ಅನ್ನೋದು ತಾಮ್ರದ ವೈರಿಗೂ ಮೇಲಿನ ಸಾಫ್ಟ್‌ವೇರಿಗೂ ನಡುವಿನ ಬಾಗಿಲು. "ನನಗೆ ಗೊತ್ತಿಲ್ಲ" ಅನ್ನೋ ಮಾತನ್ನ ಹಾರ್ಡ್‌ವೇರ್ ಹೇಳೋಕೆ ಸಾಧ್ಯ ಇರೋ ಜಾಗ ಅದೊಂದೇ. ಅಲ್ಲಿ ಆ ಮಾತು ನುಂಗಿಹೋದ್ರೆ ಮೇಲೆ ಎಷ್ಟೇ ಚಂದದ ಡ್ಯಾಶ್‌ಬೋರ್ಡ್, ಅಲಾರ್ಮ್, ಮಷಿನ್ ಲರ್ನಿಂಗ್ ಇಟ್ಟರೂ ಅವುಗಳ ಕೈಗೆ ಸಿಗೋದು ಅಂಕಿಯ ವೇಷ ಹಾಕಿದ ಅಜ್ಞಾನ. ನಮ್ಮ ಎಸ್‌ಎಂಎಸ್ ಕೋಡ್ ನೂರಕ್ಕೆ ನೂರು ಸರಿಯಾಗಿತ್ತು. 8 ದಾಟಿದರೆ ಕಳಿಸು ಅಂದಿದ್ವಿ, ದಾಟಲಿಲ್ಲ, ಕಳಿಸಲಿಲ್ಲ.

ಸಿ ಭಾಷೆಯ ಗುಣವೂ ಇದರಲ್ಲಿದೆ. ಜಾವಾದಲ್ಲಿ, ಪೈಥಾನ್‌ನಲ್ಲಿ ತಪ್ಪಾದ್ರೆ ಎಕ್ಸೆಪ್ಶನ್ ಎದ್ದು ಕೂಗಾಡುತ್ತೆ, ಸುಮ್ಮನಿರಿಸೋಕೆ ನೀವೇ ಕೈಯಾರೆ ಬಾಯಿ ಮುಚ್ಚಬೇಕು. ಸಿಯಲ್ಲಿ ಉಲ್ಟಾ. ಅಂಗಡಿಗೆ ಕಳಿಸಿದ ಹುಡುಗ ಬಂದು ಬಾಗಿಲ ಹತ್ರ ಮೆಲ್ಲಗೆ "ಸಿಗಲಿಲ್ಲ" ಅಂತಾನೆ. ನೀವು ತಿರುಗಿ ನೋಡಿದ್ರೆ ಕೇಳುತ್ತೆ. ನೋಡದೇ ಒಗ್ಗರಣೆಗೆ ಕೈ ಹಾಕಿದ್ರೆ ಅವನೇನೂ ಜಗಳ ಆಡಲ್ಲ.

ಚೆಕ್ ಮಾಡಿದೆ ಅಂದುಕೊಂಡವರೂ ಬೀಳೋ ಗುಂಡಿಗಳಿವೆ. ಕ್ಲಬ್ಬಿನ ಜೂನಿಯರ್‌ಗಳ ಕೋಡ್ ಓದ್ತಾ ಈ ವರ್ಷ ಇವುಗಳನ್ನೆಲ್ಲ ನೋಡಿದ್ದೀನಿ. ಮೊದಲನೇದು ಅನ್‌ಸೈನ್ಡ್ ವೇರಿಯೇಬಲ್. ಇಂಟರಪ್ಟ್ ನಂಬರ್ ಕೊಡೋ ಫಂಕ್ಷನ್ ತಪ್ಪಾದರೆ ಋಣ ಸಂಖ್ಯೆ ಕೊಡುತ್ತೆ. ಅದನ್ನ ಅನ್‌ಸೈನ್ಡ್ ಇಂಟ್‌ನಲ್ಲಿ ಹಿಡಿದು ಕೆಳಗೆ "ಸೊನ್ನೆಗಿಂತ ಕಮ್ಮಿ ಇದ್ದರೆ" ಅಂತ ಶ್ರದ್ಧೆಯಿಂದ ಬರೀತಾರೆ. ಅನ್‌ಸೈನ್ಡ್ ಯಾವತ್ತಾದ್ರೂ ಸೊನ್ನೆಗಿಂತ ಕಮ್ಮಿ ಆಗುತ್ತಾ? ಚೆಕ್ ಇದೆ, ಆದರೆ ಕಾವಲುಗಾರ ಕುರುಡ.

ಇನ್ನೊಂದು, ಕರ್ನಲ್ಲಿನಿಂದ ಯೂಸರ್ ಮೆಮೊರಿಗೆ ಬೈಟ್ ನಕಲು ಮಾಡೋ ಕಾಪಿ-ಟು-ಯೂಸರ್. ಇದು ಋಣ ಸಂಖ್ಯೆ ಕೊಡೋದೇ ಇಲ್ಲ. ಎಷ್ಟು ಬೈಟ್ ನಕಲಾಗದೇ ಉಳೀತು ಅನ್ನೋ ಲೆಕ್ಕ ಕೊಡುತ್ತೆ. ಸೊನ್ನೆ ಬಂದ್ರೆ ಸರಿ, ಬೇರೇನು ಬಂದ್ರೂ ನೀವು ಮೈನಸ್ ಈ-ಫಾಲ್ಟ್ ಹಿಂತಿರುಗಿಸಬೇಕು. ಇಲ್ಲೂ "ಸೊನ್ನೆಗಿಂತ ಕಮ್ಮಿ" ಅಂತ ಚೆಕ್ ಮಾಡಿದೋರು ಇದ್ದಾರೆ. ಅದನ್ನ ನೇರ ಹಾಗೇ ರಿಟರ್ನ್ ಮಾಡಿದೋರೂ ಇದ್ದಾರೆ. ರೀಡ್ ಫಂಕ್ಷನ್‌ನಲ್ಲಿ ಹಾಗೆ ಮಾಡಿದ್ರೆ, 7 ಬೈಟ್ ನಕಲಾಗಲಿಲ್ಲ ಅನ್ನೋ ಸುದ್ದಿಯನ್ನ ಮೇಲಿನವರು 7 ಬೈಟ್ ಬಂತು ಅಂತ ಓದ್ಕೋತಾರೆ.

ಪಾಯಿಂಟರ್ ಹಿಂತಿರುಗಿಸೋ ಫಂಕ್ಷನ್‌ಗಳದ್ದು ಬೇರೆಯೇ ಕತೆ. ಕೆಲವು ತಪ್ಪಾದ್ರೆ ನಲ್ ಕೊಡ್ತವೆ. ಇನ್ನು ಕೆಲವು ಎರರ್ ನಂಬರನ್ನೇ ಪಾಯಿಂಟರ್ ಒಳಗೆ ಅಡಗಿಸಿ ಕೊಡ್ತವೆ. ಅಡ್ರೆಸ್‌ಗಳ ತುತ್ತತುದಿಯ 4095 ಸಂಖ್ಯೆಗಳನ್ನ ಕರ್ನಲ್ ಇದಕ್ಕಂತಲೇ ಮೀಸಲಿಟ್ಟಿದೆ. ಅದನ್ನ ಇಸ್-ಎರರ್ ಅನ್ನೋ ಮ್ಯಾಕ್ರೋದಿಂದಲೇ ನೋಡಬೇಕು. ನಲ್ ಅಲ್ಲ, ಸದ್ಯ ಬದುಕಿದೆ ಅಂತ ಮುಂದೆ ಹೋಗಿ ಆ ಪಾಯಿಂಟರ್ ಮುಟ್ಟಿದ್ರೆ ಕರ್ನಲ್ ಅಲ್ಲೇ ಮಗುಚಿ ಬೀಳುತ್ತೆ. ತಮಾಷೆ ಏನಂದ್ರೆ ಡೆವ್ಎಂ-ಐಓರೀಮ್ಯಾಪ್ ತಪ್ಪಾದರೆ ನಲ್ ಕೊಡುತ್ತೆ, ಅದರ ಒಡಹುಟ್ಟು ಡೆವ್ಎಂ-ಐಓರೀಮ್ಯಾಪ್-ರಿಸೋರ್ಸ್ ಎರರ್ ಪಾಯಿಂಟರ್ ಕೊಡುತ್ತೆ. ಒಂದೇ ಮನೆ, ಎರಡು ಸಂಪ್ರದಾಯ. ನೆನಪಿನ ಮೇಲೆ ನಂಬಿಕೆ ಇಡಬೇಡಿ, ಪ್ರತಿ ಸಲ ಸೋರ್ಸ್ ತೆಗೆದು ನೋಡಿ.

ಮತ್ತೆ ಪ್ರೋಬ್ ಫಂಕ್ಷನ್. ಮೈನಸ್ 517 ಅನ್ನೋ ಒಂದು ಎರರ್ ಇದೆ, ಪ್ರೋಬ್-ಡೆಫರ್ ಅಂತ. ನಿಮ್ಮ ಡಿವೈಸಿಗೆ ಬೇಕಾದ ಕ್ಲಾಕ್ ಅಥವಾ ರೆಗ್ಯುಲೇಟರ್ ಇನ್ನೂ ತಯಾರಾಗಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೀತೀನಿ ಅಂತ ಅದರ ಅರ್ಥ. ಬಂದ ಎರರ್ ಯಾವುದು ಅಂತಲೂ ನೋಡದೇ "ಡಿವೈಸ್ ಇಲ್ಲ" ಅಂತ ನಿಮ್ಮದೇ ಕೋಡ್ ಹಾಕಿ ಕಳಿಸಿದ್ರೆ ಕರ್ನಲ್ ಮತ್ತೆ ಕರೆಯೋದೇ ಇಲ್ಲ. ಒಂದು ಬೂಟ್‌ನಲ್ಲಿ ಕೆಲಸ ಮಾಡಿ ಇನ್ನೊಂದು ಬೂಟ್‌ನಲ್ಲಿ ಮಾಡದ ಡ್ರೈವರ್‌ಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತೆ. ಬಂದ ಎರರನ್ನ ಬಂದ ಹಾಗೇ ದಾಟಿಸಿ. ಭಾಷಾಂತರ ಮಾಡೋಕೆ ಹೋಗಬೇಡಿ.

"ಎರರ್ ಬಂತು, ಸರಿ, ಬಂದ್ರೆ ಏನ್ ಮಾಡೋದು?" ಅಂತ ನನ್ನ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಬಹಳ ಸಲ ಉತ್ತರ ಸುಲಭ: ಅಲ್ಲಿವರೆಗೆ ಪಡೆದದ್ದನ್ನೆಲ್ಲ ಉಲ್ಟಾ ಕ್ರಮದಲ್ಲಿ ವಾಪಸ್ ಕೊಟ್ಟು, ಎರರನ್ನ ಮೇಲಕ್ಕೆ ಕಳಿಸಿ. ಕರ್ನಲ್‌ನಲ್ಲಿ ಇದಕ್ಕೇ ಗೋಟು ಬಳಸ್ತಾರೆ. ಹೌದು, ಮೊದಲನೇ ಸೆಮಿಸ್ಟರ್‌ನಲ್ಲಿ ಪಾಪ ಅಂತ ಹೇಳಿಕೊಟ್ಟ ಅದೇ ಗೋಟು. ಫಂಕ್ಷನ್ ಕೊನೆಯಲ್ಲಿ ಮೆಟ್ಟಿಲ ಹಾಗೆ ಲೇಬಲ್‌ಗಳು. ಎಲ್ಲಿ ಎಡವಿದ್ರೋ ಅಲ್ಲಿಂದ ಕೆಳಕ್ಕೆ ಒಂದೊಂದೇ ಬಿಡಿಸ್ಕೊಂಡು ಇಳಿಯೋದು. ಈ ಮೆಟ್ಟಿಲು ಕಟ್ಟೋದು ಬೇಜಾರು ಅಂತಾದ್ರೆ ಡೆವ್ಎಂ ಅಂತ ಶುರುವಾಗುವ ಫಂಕ್ಷನ್‌ಗಳಿವೆ, ಪ್ರೋಬ್ ಸೋತರೆ ಅವು ತಾವೇ ಎಲ್ಲ ಬಿಡಿಸ್ತವೆ. ಆದರೆ ಅವೂ ಎರರ್ ಕೊಡ್ತವೆ, ಅದನ್ನ ನೋಡೋ ಕೆಲಸ ನಿಮ್ಮದೇ.

ಕೆಟ್ಟ ಉತ್ತರಗಳು ಬೇರೆ ಇವೆ. ಪ್ರಿಂಟ್‌ಕೆ ಹಾಕಿ "ರೀಡ್ ಫೇಲ್ಡ್" ಅಂತ ಬರೆದು, ಮುಂದಿನ ಸಾಲಲ್ಲಿ ಅದೇ ಕೆಟ್ಟ ಅಂಕಿಯನ್ನ ಬಳಸೋದು ಒಂದು. ಹಳ್ಳಿ ಡೇರಿಯಲ್ಲಿ ಡಿಮೆಸೇಜ್ ಯಾರು ಓದ್ತಾರೆ ಸ್ವಾಮಿ? ಹಿಂದಿನ ಸಲದ ಅಂಕಿಯನ್ನೇ ಮತ್ತೆ ಕೊಡೋದು ಇನ್ನೊಂದು. ಇದು ನನ್ನ ಕಣ್ಣಿಗೆ ಮೈನಸ್ ಅರ್ಧಕ್ಕಿಂತ ಘೋರ, ಯಾಕಂದ್ರೆ ಅದು ಇನ್ನೂ ಚೆನ್ನಾಗಿ ನಂಬಿಸುತ್ತೆ.

ವಿರೋಧದ ಮಾತುಗಳಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಎಲ್ಲಾನೂ ಚೆಕ್ ಮಾಡ್ತಾ ಹೋದ್ರೆ ಹತ್ತು ಸಾಲಿನ ಕೆಲಸ ನಲವತ್ತು ಸಾಲಾಗುತ್ತೆ ಅನ್ನೋದು ನಿಜ. ಕೆಮ್ಯಾಲಕ್‌ನಲ್ಲಿ ಸಣ್ಣ ಮೆಮೊರಿ ಕೇಳಿದ್ರೆ ಲಿನಕ್ಸ್ ಇಲ್ಲ ಅನ್ನೋದು ತೀರಾ ಅಪರೂಪ, ಅದೂ ನಿಜ. ಆದರೆ ಅದೇ ಸಾಲನ್ನ ನಾಳೆ ಯಾರೋ ಇಂಟರಪ್ಟ್ ಹ್ಯಾಂಡ್ಲರ್ ಒಳಗೆ, ಕಾಯೋಕೆ ಅವಕಾಶ ಇಲ್ಲದ ಅಟಾಮಿಕ್ ಫ್ಲ್ಯಾಗ್ ಹಾಕಿ ನಕಲು ಮಾಡ್ತಾರೆ. ಅಲ್ಲಿ ಅದು ಇಲ್ಲ ಅನ್ನುತ್ತೆ. ಚೆಕ್ ಮಾಡಬಾರದ ಜಾಗಗಳೂ ಇವೆ. ಡೀಬಗ್-ಎಫ್‌ಎಸ್ ಫೈಲ್ ಸೃಷ್ಟಿಸೋ ಫಂಕ್ಷನ್‌ಗಳ ಉತ್ತರ ನೋಡೋದೇ ಬೇಡ ಅಂತ ಕರ್ನಲ್ ಮೇಂಟೇನರ್‌ಗಳೇ ಹೇಳಿ, ಹಳೇ ಚೆಕ್‌ಗಳನ್ನ ರಾಶಿರಾಶಿ ಕಿತ್ತು ಹಾಕಿದ್ದಾರೆ. ಡೀಬಗ್ ಫೈಲ್ ಹುಟ್ಟಲಿಲ್ಲ ಅಂತ ಡ್ರೈವರ್ ಸಾಯಬಾರದು ಅನ್ನೋದು ಅವರ ಲೆಕ್ಕ. ಅಲ್ಲಿ ಬಿಟ್ಟಿರೋದು ಯೋಚಿಸಿ ಬಿಟ್ಟಿದ್ದು. ನಾವು ಬಿಟ್ಟಿದ್ದು ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ.

ಇದು ಹುಡುಗರ ತಪ್ಪು, ದೊಡ್ಡವರು ಹಿಂಗೆ ಮಾಡಲ್ಲ ಅಂದ್ಕೊಂಡ್ರೆ ಅದೂ ಸುಳ್ಳು. 2001ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಲಿನಕ್ಸ್ ಕೋಡ್ ಜಾಲಾಡಿ, ಕರ್ನಲ್ಲಿನ ಉಳಿದ ಭಾಗಕ್ಕಿಂತ ಡ್ರೈವರ್‌ಗಳಲ್ಲಿ ದೋಷದ ಪ್ರಮಾಣ ಮೂರರಿಂದ ಏಳು ಪಟ್ಟು ಜಾಸ್ತಿ ಇರುತ್ತೆ ಅಂತ ತೋರಿಸಿದ್ರು. 2008ರಲ್ಲಿ ವಿಸ್ಕಾನ್ಸಿನ್ ಮ್ಯಾಡಿಸನ್‌ನ ಸಂಶೋಧಕರು ಲಿನಕ್ಸ್ ಫೈಲ್ ಸಿಸ್ಟಮ್‌ಗಳನ್ನೂ ಮುಖ್ಯ ಸ್ಟೋರೇಜ್ ಡ್ರೈವರ್‌ಗಳನ್ನೂ ನೋಡಿ, ಬಂದ ಎರರ್ ಕೋಡನ್ನ ಸುಮ್ಮನೆ ಕೈಬಿಟ್ಟ 1153 ಜಾಗ ಪಟ್ಟಿ ಮಾಡಿದ್ರು. ನೋಡಿದ ಕರೆಗಳಲ್ಲಿ ಅದು ಶೇಕಡ 13. ಡಿಸ್ಕ್ "ಬರೆಯೋಕೆ ಆಗಲಿಲ್ಲ" ಅಂದದ್ದು ನಡುವೆ ಎಲ್ಲೋ ಕಳೆದುಹೋಗಿ, ಮೇಲೆ "ಸೇವ್ ಆಯ್ತು" ಅಂತ ಕಾಣೋ ಸಾಧ್ಯತೆ ಅದು. ಡ್ರೈವರ್ ಆಚೆಗೂ ಇದೇ ಪಾಡು. 2010ರಲ್ಲಿ ಆಂಡ್ರಾಯ್ಡ್ ಫೋನ್‌ಗಳನ್ನ ರೂಟ್ ಮಾಡೋ ಒಂದು ಟ್ರಿಕ್ ಓಡಾಡ್ತಾ ಇತ್ತು. ಎಡಿಬಿ ಡೀಮನ್ ರೂಟ್ ಆಗಿ ಎದ್ದು, ಸೆಟ್‌ಯುಐಡಿ ಕರೆದು ತನ್ನ ಅಧಿಕಾರ ಕಳಚಿ ಸಾಮಾನ್ಯ ಯೂಸರ್ ಆಗಬೇಕಿತ್ತು. ಪ್ರೋಸೆಸ್‌ಗಳ ಮಿತಿ ತುಂಬಿಸಿಬಿಟ್ರೆ ಸೆಟ್‌ಯುಐಡಿ ಸೋಲುತ್ತೆ. ಸೋತದ್ದನ್ನ ಆ ಕೋಡ್ ನೋಡ್ತಾನೇ ಇರಲಿಲ್ಲ, ಹಾಗಾಗಿ ರೂಟ್ ಆಗೇ ಉಳೀತಿತ್ತು. ಒಂದು ಇಫ್ ಇಲ್ಲದ್ದಕ್ಕೆ ಇಡೀ ಫೋನಿನ ಬೀಗದ ಕೈ ಹೋಯ್ತು.

ಕಂಪೈಲರ್ ಸಹಾಯ ಮಾಡುತ್ತೆ, ಒಪ್ಕೊಳ್ತೀನಿ. ರೆಗ್ಯುಲೇಟರ್-ಎನೇಬಲ್ ಥರದ ಫಂಕ್ಷನ್‌ಗಳ ಮೇಲೆ ಮಸ್ಟ್-ಚೆಕ್ ಅಂತ ಗುರುತು ಹಾಕಿದ್ದಾರೆ, ಉತ್ತರ ಬಿಟ್ಟರೆ ವಾರ್ನಿಂಗ್ ಬರುತ್ತೆ. ನಮ್ಮ ಹುಡುಗರು ಅದಕ್ಕೂ ಮದ್ದು ಕಂಡುಹಿಡಿದಿದ್ದಾರೆ. "ರೆಟ್" ಅಂತ ಒಂದು ವೇರಿಯೇಬಲ್ ಮಾಡಿ ಅದರಲ್ಲಿ ಹಾಕಿ, ಆಮೇಲೆ ಅದರ ಮುಖವನ್ನೇ ನೋಡದೇ ಇರೋದು. ರಸ್ಟ್ ಬಂದ್ರೆ ಇದೆಲ್ಲ ಸರಿಯಾಗುತ್ತೆ ಅಂತಾರೆ. 2022ರ 6.1 ಕರ್ನಲ್‌ನಿಂದ ರಸ್ಟ್ ಒಳಗೆ ಬಂದಿದೆ, ಅಲ್ಲಿ ಉತ್ತರವನ್ನ ಮರೆಯೋದು ಕಷ್ಟ. ಆದರೆ ಅಲ್ಲೂ ಅನ್‌ರ‍್ಯಾಪ್ ಅಂತ ಒಂದಿದೆ. ಅದನ್ನ ಎಲ್ಲಿ ಬೇಕಾದ್ರೂ ಹಾಕೋ ಚಟ ನಮ್ಮ ಕ್ಯಾಂಪಸ್ಸಿಗೆ ಬರೋಕೆ ಒಂದು ಸೆಮಿಸ್ಟರ್ ಸಾಕು.

ನನ್ನ ಪ್ರಕಾರ ಬೇರು ಇರೋದು ನಾವು ಮಾರ್ಕ್ಸ್ ಗಳಿಸೋ ರೀತಿಯಲ್ಲಿ. ಲ್ಯಾಬ್ ಎಕ್ಸಾಮ್ ನೆನಪಿಸ್ಕೊಳ್ಳಿ. ಔಟ್‌ಪುಟ್ ಬಂತಾ? ಬಂತು. ಸೈನ್ ಆಯ್ತು. ರೆಕಾರ್ಡ್ ಬುಕ್ಕಿನಲ್ಲಿ "ಎಕ್ಸ್‌ಪೆಕ್ಟೆಡ್ ಔಟ್‌ಪುಟ್" ಅಂತ ಒಂದು ಡಬ್ಬ ಇದೆ. ವೈರು ಕಿತ್ತಾಗಿನ ಔಟ್‌ಪುಟ್ ಏನು ಅಂತ ಕೇಳೋ ಡಬ್ಬ ನಾಲ್ಕು ವರ್ಷದಲ್ಲಿ ಒಂದು ಪುಟದಲ್ಲೂ ನಾನು ನೋಡಿಲ್ಲ. ಎಕ್ಸ್‌ಟರ್ನಲ್ ಬಂದಾಗ ನಾವು ಮಾಡೋ ಪ್ರಾರ್ಥನೆ ಒಂದೇ, ಹತ್ತು ನಿಮಿಷ ಯಾರೂ ಬ್ರೆಡ್‌ಬೋರ್ಡ್ ಮುಟ್ಟದಿರಲಪ್ಪ ಅಂತ. ಎಲ್ಲಾ ಸರಿ ಇದ್ದಾಗಿನ ದಾರಿ ಮಾತ್ರ ಬರೆದು, ಆ ದಾರಿ ಮಾತ್ರ ಟೆಸ್ಟ್ ಮಾಡಿ, ಅದಕ್ಕೇ ಎ ಗ್ರೇಡ್ ತಗೊಂಡು ಹೊರಗೆ ಹೋಗ್ತೀವಿ. ಹೊರಗೆ ಟ್ಯಾಂಕ್ ತೊಳೀತಾರೆ, ಇಲಿ ಕಡಿಯುತ್ತೆ, ಕರೆಂಟ್ ಹೋಗುತ್ತೆ.

ಹಾಗಾಗಿ ನನ್ನದೊಂದು ಬೇಡಿಕೆ. ಎಂಬೆಡೆಡ್ ಲ್ಯಾಬಿನಲ್ಲಿ, ಪ್ರಾಜೆಕ್ಟ್ ರಿವ್ಯೂನಲ್ಲಿ, ಡೆಮೋ ನಡೀತಿರುವಾಗಲೇ ಎಕ್ಸಾಮಿನರ್ ಒಂದು ವೈರು ಎಳೀಬೇಕು. ಯಾವುದು ಅಂತ ಮೊದಲೇ ಹೇಳಬಾರದು. ಆಮೇಲೆ ಸ್ಕ್ರೀನ್ ಮೇಲೆ ಏನು ಕಾಣುತ್ತೋ ಅದಕ್ಕೆ ಹತ್ತು ಮಾರ್ಕ್ಸ್. ಅಂಕಿ ಕಂಡ್ರೆ ಸೊನ್ನೆ. ಸಿಸ್ಟಮ್ ಹ್ಯಾಂಗ್ ಆದ್ರೆ ಎರಡು, ಪಾಪ, ಕನಿಷ್ಠ ಸುಳ್ಳು ಹೇಳಲಿಲ್ಲ. "ಸೆನ್ಸರ್ ಸಿಗ್ತಾ ಇಲ್ಲ" ಅಂತ ತೋರಿಸಿ, ವೈರು ವಾಪಸ್ ಹಾಕಿದಾಗ ತಾನೇ ಸರಿಯಾದ್ರೆ ಪೂರ್ತಿ ಹತ್ತು. ವೈರು ಎಳೆಯೋಕೆ ಆಗದ ಕಡೆ ಕರ್ನಲ್ಲಿನಲ್ಲೇ ಫಾಲ್ಟ್ ಇಂಜೆಕ್ಷನ್ ಇದೆ. ಫೇಲ್-ಸ್ಲ್ಯಾಬ್ ಆನ್ ಮಾಡಿದ್ರೆ ಕೆಮ್ಯಾಲಕ್ ಬೇಕಂತಲೇ ಆಗಾಗ ಸೋಲುತ್ತೆ. ಐ2ಸಿ ಬಸ್ಸನ್ನ ಬೇಕಂತ ಕೆಡಿಸಿ ನೋಡೋಕೂ ಒಂದು ಇಂಜೆಕ್ಟರ್ ಇದೆ. ಇದಕ್ಕೆ ಹೊಸ ಬಜೆಟ್ ಬೇಡ, ಸರ್ಕ್ಯುಲರ್ ಬೇಡ.

ಡೇರಿಯ ವಿಷಯ ಮುಗಿಸಿಬಿಡ್ತೀನಿ. ನಾವು ಕ್ಷಮೆ ಕೇಳೋಕೆ ಹೋದಾಗ ಸೆಕ್ರೆಟ್ರಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಡ್ರೈವರ್‌ಗೆ ಆ ಒಂದು ಸಾಲು ಸೇರಿಸಿದ್ವಿ. ಮೇಲಿನ ಪ್ರೋಗ್ರಾಂ ಎರರ್ ಕಂಡ ತಕ್ಷಣ ಡಿಸ್‌ಪ್ಲೇಯಲ್ಲಿ ಮೂರು ಅಡ್ಡಗೆರೆ ಹಾಕಿ, ಎಸ್‌ಎಂಎಸ್ ಕಳಿಸೋ ಹಾಗೆ ಮಾಡಿದ್ವಿ. ಅವರ ಮುಂದೆಯೇ ವೈರು ಕಿತ್ತು ತೋರಿಸಿದ್ವಿ. ಅವರು ಮೂರು ಗೆರೆ ನೋಡಿ, "ಹಿಂಗಂದ್ರೆ ಎಷ್ಟು ಡಿಗ್ರಿ?" ಅಂದ್ರು. "ಗೊತ್ತಿಲ್ಲ ಅಂತ ಅರ್ಥ ಸಾರ್" ಅಂದ್ವಿ. "ಹಂಗಾದ್ರೆ ಟಾರ್ಚ್ ತಗೊಂಡು ಹೋಗ್ಬೇಕು" ಅಂತ ಹೇಳಿ ಒಳಗೆ ಹೋದ್ರು.

ಮುಂದಿನ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಎಂಬೆಡೆಡ್ ಲ್ಯಾಬಿನಲ್ಲಿ ಇರ್ತೀನಿ. ಬೋರ್ಡ್, ಕೋಡ್, ಪ್ರಾಜೆಕ್ಟ್ ಏನಿದ್ರೂ ತನ್ನಿ. ಚೆನ್ನಾಗಿ ಕೆಲಸ ಮಾಡ್ತಿರೋದನ್ನೇ ತನ್ನಿ. ವೈರು ಎಳೆಯೋ ಕೆಲಸ ನನ್ನದು.